ಕಾಲುಚೀಲದ ಯಂತ್ರಕ್ಕೊಂದು ಹಿಡಿ

ಬೇಡಗ, 29 ಜುಲೈ 2024

ಮಿರಜದಲ್ಲಿ ಸಿತಾರು ಮಾಡುವ ಮಹಾದೇವ ಮಿಸ್ತ್ರಿಯವರಿಗೆ ಬೇಡಗದ ರತ್ನಾಬಾಯಿ ತಿಳಿಸುವುದು. ಜೈ ಜಿನೇಂದ್ರ.

ನನ್ನ ಗುರುತು ನಿಮಗಿರುವುದಿಲ್ಲ. ನಮ್ಮ ಯಜಮಾನರ ನೆನಪಿದ್ದರೂ ಇರಬಹುದು. ಮಾಧವನಗರದ ಗಿರಣಿಯಲ್ಲಿ ಕೆಲಸಕ್ಕಿದ್ದ ತವನಪ್ಪ. ಗಿರಣಿಯ ಕೆಲಸ ಹೋದಾಗ ಅವರು ಮನೆಗೆ ಒಂದು ಕೈಯಂತ್ರ ಹೊತ್ತು ತಂದರು. ಗುಂಡಗೆ ಸೂಜಿಗಳು ನಿಂತಿರುವ, ಕಾಲುಚೀಲ ಹೆಣೆಯುವ ಯಂತ್ರ. ಅದನ್ನು ತಿರುಗಿಸುವ ಹ್ಯಾಂಡಲ್ಲಿಗೆ ಹಿಡಿ ಇರಲಿಲ್ಲ, ಬರೀ ಕಬ್ಬಿಣದ ತೋಳು. ನಿಮ್ಮ ಅಂಗಡಿಯಲ್ಲಿ ಮರದ ಹಿಡಿ ಮಾಡಿಸಿ ತಂದರು. ಅಂಥ ಕೆಲಸಕ್ಕೆ ಸಿತಾರಿನ ಅಂಗಡಿ ಹುಡುಕಿಕೊಂಡು ಹೋದ ಮನುಷ್ಯ ಅವರೊಬ್ಬರೇ ಇರಬೇಕು. ಅವರು ಹೋಗಿ ಆರು ವರ್ಷವಾಯಿತು. ಹಿಡಿ ಮಾತ್ರ ಕಳೆದ ವಾರದವರೆಗೆ ಬಾಳಿತು. ಈಗ ಉದ್ದಕ್ಕೆ ಸೀಳಿದೆ, ತೋಳೂ ಬಾಗಿದೆ. ಎರಡನ್ನೂ ಈ ಪೊಟ್ಟಣದಲ್ಲಿ ಇಟ್ಟಿದ್ದೇನೆ.

ನಾನೇ ಬರಬೇಕಿತ್ತು. ಆದರೆ ಚಾತುರ್ಮಾಸಕ್ಕೆ ನಮ್ಮೂರ ಬಸದಿಯಲ್ಲಿ ಮಾತಾಜಿ ತಂಗಿದ್ದಾರೆ. ಅವರ ಮುಂದೆ ನೇಮ ಹಿಡಿದಿದ್ದೇನೆ. ದೀಪಾವಳಿಯವರೆಗೆ ಬೇಡಗದ ಸೀಮೆ ದಾಟುವುದಿಲ್ಲ, ಫೋನು ಮುಟ್ಟುವುದಿಲ್ಲ. ಮಗ ಪಂಕಜ ದಿನಾ ಮಿರಜಕ್ಕೆ ಬರುತ್ತಾನೆ. ಅವನಿಗೆ ಹೇಳಿದರೆ ಹ್ಯಾಂಡಲ್ ತರುವುದಿಲ್ಲ, ಮೋಟರು ತರುತ್ತಾನೆ. ಅದಕ್ಕೇ ಟಪಾಲಿನ ದಾರಿ ಹಿಡಿದೆ.

ನನಗೆ ಅವಸರವಿದೆ. ದೀಪಾವಳಿ ಮುಗಿದ ಮೇಲೆ ನಮ್ಮೂರಿನ ಇಪ್ಪತ್ನಾಲ್ಕು ಹೆಂಗಸರು ಶಿಖರ್ಜಿ ಯಾತ್ರೆಗೆ ಹೊರಟಿದ್ದೇವೆ. ಬೆಟ್ಟ ಹತ್ತುವಾಗ ನಾವು ಚಪ್ಪಲಿ ಹಾಕುವುದಿಲ್ಲ, ಹತ್ತಿಯ ದಪ್ಪ ಕಾಲುಚೀಲ ಹಾಕಿಕೊಳ್ಳುತ್ತೇವೆ. ಎಲ್ಲರಿಗೂ ನಾನೇ ಹೆಣೆದು ಕೊಡುತ್ತೇನೆಂದು ಬಸದಿಯಲ್ಲಿ ಒಪ್ಪಿಕೊಂಡು ಬಂದಿದ್ದೇನೆ. ಸೊಸೆ ಸೋನಲ ಹೇಳುತ್ತಾಳೆ, “ಅತ್ತಿ, ಆನ್‌ಲೈನ್ ತರಸೂಣ ಬಿಡ್ರಿ, ಯಾಕ ಜೀವಾ ತೇಯ್ತೀರಿ.” ಯಂತ್ರ ಇಡಲು ಅಟ್ಟದ ಮೇಲೆ ಜಾಗ ಅಳೆದೂ ಆಗಿದೆ. ಒಂದು ಸಲ ಅಟ್ಟ ಹತ್ತಿದ ಸಾಮಾನು ಈ ಮನೆಯಲ್ಲಿ ಇಳಿದದ್ದನ್ನು ನಾನು ಕಂಡಿಲ್ಲ. ಆ ಯಂತ್ರದ ಮೇಲೆ ನಾನು ಇಬ್ಬರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ್ದೇನೆ. ಅದು ಅಟ್ಟ ಹತ್ತುವುದು ನನಗೆ ಬೇಡ.

ತೋಳು ಹಳೆಯದಕ್ಕಿಂತ ಎರಡು ಬೆರಳು ಉದ್ದ ಇರಲಿ. ಯಂತ್ರ ಸ್ವಲ್ಪ ಬಿಗಿಯಾಗಿದೆ, ಉದ್ದವಿದ್ದರೆ ಹಗುರ ತಿರುಗೀತು.

ರತ್ನಾಬಾಯಿ


ಮಿರಜ, 8 ಆಗಸ್ಟ್ 2024

ರತ್ನಾಬಾಯಿ ಅಕ್ಕಾವರಿಗೆ ಮಹಾದೇವನ ನಮಸ್ಕಾರ.

ಹದಿನೈದು ಕಿಲೋಮೀಟರ್ ದಾರಿಗೆ ನಿಮ್ಮ ಪೊಟ್ಟಣ ನಾಲ್ಕು ದಿನ ತೆಗೆದುಕೊಂಡಿತು. ನಡೆದು ಬಂದಿದ್ದರೆ ಅದೇ ದಿನ ತಲುಪಿ, ಚಹಾ ಕುಡಿದು ವಾಪಸ್ಸೂ ಹೋಗುತ್ತಿತ್ತು.

ತವನಪ್ಪನವರನ್ನು ಮರೆಯುವುದುಂಟೇ. ಒಂದು ರಟ್ಟಿನ ಮೇಲೆ ನಿಮ್ಮ ಬಲಗೈ ಇಟ್ಟು ಸುತ್ತಲೂ ಗೆರೆ ಎಳೆದು ತಂದಿದ್ದರು, ಅದು ಈಗಲೂ ನನ್ನ ಹತ್ತಿರ ಇದೆ. “ನಮ್ಮಕಿ ಕೈ ಸಣ್ಣದೈತಿ. ಇದಕ್ಕ ಹೊಂದೂವಂಗ ಮಾಡ್ರಿ,” ಅಂದರು. ಹಿಡಿ ಕೈಗೆ ಬರುವವರೆಗೂ ಅಂಗಡಿ ಬಿಟ್ಟು ಏಳಲಿಲ್ಲ. ಎರಡು ಸಲ ಚಹಾ ಕುಡಿದರು, ಹೊತ್ತು ಮುಳುಗಿದ ಮೇಲೆ ತರಿಸಿದ ಮೂರನೆಯದನ್ನು ಮುಟ್ಟಲಿಲ್ಲ. ಅವರು ಇಲ್ಲವೆಂದು ಓದಿ ಸಂಕಟವಾಯಿತು.

ನಿಮ್ಮ ಅವಸರ ನೋಡಿ ಉತ್ತರಕ್ಕೆ ಕಾಯದೆ ಹೊಸದನ್ನು ಮಾಡಿ ಕಳಿಸಿದ್ದೇನೆ. ನಾನೇ ಲೇತಿಗೆ ಕೂತು ತಿರುವಿದ್ದು. ಕಟ್ಟಿಗೆ ಸಿತಾರಿನ ಕೊರಳಿಗೆ ಹಾಕುವ ತೂನು. ಮೇಲೆ ಕೆಂಪು ಅರಗಿನ ಪಾಲಿಶ್, ಏಳು ಕೈ ಬಳಿದದ್ದು. ತೋಳು ನೀವು ಹೇಳಿದಷ್ಟೇ ಉದ್ದ. ಹೊಂದದಿದ್ದರೆ ಕೂಡಲೇ ಬರೆಯಿರಿ.

ಒಂದು ಕೆಲಸ ಮಾಡಿ. ಈಗಿನ ನಿಮ್ಮ ಬಲಗೈಯ ಗೆರೆಯನ್ನು ಎಳೆದು ಕಳಿಸಿ. ಮೂವತ್ತು ವರ್ಷಕ್ಕೆ ಕೈ ಬದಲಾಗುತ್ತದೆ. ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬುತ್ತೇನೆ, ನಮ್ಮಲ್ಲಿ ನಾನು ಮತ್ತು ಮಗಳು ಮುಕ್ತಾ ಹೀಗೇ ಇದ್ದೇವೆ.

ಮಹಾದೇವ


ಬೇಡಗ, 16 ಆಗಸ್ಟ್ 2024

ಮಹಾದೇವ ಮಿಸ್ತ್ರಿಯವರಿಗೆ,

ಹ್ಯಾಂಡಲ್ ಮುಟ್ಟಿತು. ಬಹಳ ಚಂದ ಮಾಡಿದ್ದೀರಿ. ಸೋನಲಳ ಕೈಗೆ ಸಿಕ್ಕಿ, ಇದು ಷೋಕೇಸಿನಲ್ಲಿ ಇಡುವ ಸಾಮಾನು ಎಂದಳು. ರಟ್ಟಿನ ಸಂಗತಿ ನನಗೆ ತಿಳಿದಿರಲಿಲ್ಲ. ಅವರು ನನ್ನ ಕೈಗೆ ಗೆರೆ ಎಳೆದದ್ದು ನೆನಪಿದೆ, ಮಕ್ಕಳಾಟ ಎಂದುಕೊಂಡಿದ್ದೆ. ನಿಮ್ಮ ಪತ್ರದ ಆ ಭಾಗವನ್ನು ಮೂರು ಸಲ ಓದಿದೆ.

ಆದರೆ ಬಣ್ಣ ಸ್ವಲ್ಪ ಹೆಚ್ಚಾಯಿತೇನೋ. ಇಷ್ಟು ಹೊಳಪು ನನ್ನಂಥವಳಿಗೆ ಬೇಡ. ತೋಳೂ ಉದ್ದವಾಯಿತು, ಸುತ್ತು ದೊಡ್ಡದಾಗಿ ಮೇಜಿಗೆ ತಾಗುತ್ತದೆ. ಹಳೆಯ ಅಳತೆಯೇ ಇರಲಿ. ಬೇಸರ ಮಾಡಿಕೊಳ್ಳಬೇಡಿ, ಇದನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ. ಸಾದಾ ಮಾಡಿದರೂ ನಡೆಯುತ್ತದೆ.

ಕೈಯ ಗೆರೆ ಬೇಕಾಗಿಲ್ಲ. ಹಳೆಯ ರಟ್ಟೇ ಸಾಕು, ಕೈ ಇದ್ದ ಹಾಗೆಯೇ ಇದೆ.

ರತ್ನಾಬಾಯಿ


ಮಿರಜ, 24 ಆಗಸ್ಟ್ 2024

ಅಕ್ಕಾವರಿಗೆ,

ಹೊಳಪು ಹೆಚ್ಚಾಯಿತು ಎನ್ನುವ ಗಿರಾಕಿಯನ್ನು ನಾನು ಈ ಐವತ್ತು ವರ್ಷದಲ್ಲಿ ಕಂಡಿರಲಿಲ್ಲ. ಮುಕ್ತಾ ನಗುತ್ತಿದ್ದಳು. “ಅಪ್ಪಾ, ಮದಿವಿ ಹೆಣ್ಣಿನಂಗ ಸಿಂಗಾರ ಮಾಡಿದ್ರ, ಪಾಪ ಅವರೇನು ಮಾಡಬೇಕು,” ಎಂದಳು.

ಇರಲಿ. ಎರಡನೆಯದು ಇದರೊಂದಿಗೆ ಇದೆ. ಕೆಂಪು ಇಲ್ಲ, ಬಣ್ಣವೇ ಹಾಕಿಲ್ಲ. ಬರೀ ತಿಳಿ ಅರಗು, ಹತ್ತು ಕೈ, ಒಳಗಿನ ಕಟ್ಟಿಗೆಯ ಗೆರೆ ನೀರಿನಲ್ಲಿ ಕಂಡಂತೆ ಕಾಣುತ್ತದೆ. ನಮ್ಮ ಅಪ್ಪ ದೊಡ್ಡ ಗವಾಯಿಗಳ ತಂಬೂರಿಗೆ ಮಾತ್ರ ಹೀಗೆ ಮಾಡುತ್ತಿದ್ದ. ತೋಳು ಹಳೆಯ ಅಳತೆ.

ನೀವು ಹಿಂದಕ್ಕೆ ಕಳಿಸಿದ ಹಿಡಿಗೆ ಹತ್ತಿಯ ಎಳೆಗಳು ಅಂಟಿದ್ದವು. ಬಟ್ಟೆ ಸುತ್ತಿ ತಿರುಗಿಸಿದ್ದೀರಿ. ಜಾರುತ್ತಿತ್ತೆಂದು ಕಾಣುತ್ತದೆ, ಅದಕ್ಕೆ ಈ ಸಲ ನಡುವೆ ಸಣ್ಣ ಗೆರೆಗಳನ್ನು ಕೊರೆದಿದ್ದೇನೆ.

ಮಹಾದೇವ


ಬೇಡಗ, 31 ಆಗಸ್ಟ್ 2024

ಮಹಾದೇವ ಮಿಸ್ತ್ರಿಯವರಿಗೆ,

ಎರಡನೆಯದೂ ಮುಟ್ಟಿತು. ಅದನ್ನೂ ಹಿಂದಕ್ಕೆ ಕಳಿಸಿದ್ದೇನೆ. ನಿಮ್ಮ ಶ್ರಮ ವ್ಯರ್ಥವಾಯಿತು. ಇನ್ನು ಮಾಡಬೇಡಿ. ಕಾಲುಚೀಲಗಳನ್ನು ಸೋನಲ ತರಿಸುತ್ತಾಳೆ.

ರತ್ನಾಬಾಯಿ


ಮಿರಜ, 5 ಸೆಪ್ಟೆಂಬರ್ 2024

ರತ್ನಾಬಾಯಿಯವರಿಗೆ,

ನಾಲ್ಕು ಸಾಲಿನ ಪತ್ರ ತಲುಪಿತು. ಬೇಡವಾದರೆ ಬೇಡ. ಆದರೆ ಒಂದು ಮಾತು ಹೇಳದೆ ಇರಲಾರೆ. ನೀವು ಎರಡನೆಯದಕ್ಕೂ ಬಟ್ಟೆ ಸುತ್ತಿದ್ದಿರಿ. ಬಟ್ಟೆಯ ಮೂಲಕ ಯಂತ್ರದ ಎಣ್ಣೆ ಇಳಿದು ಹೆಬ್ಬೆಟ್ಟಿನ ಜಾಗದಲ್ಲಿ ಕಲೆಯಾಗಿದೆ. ಅದು ಎಡಗೈ ಹೆಬ್ಬೆಟ್ಟು. ಕಟ್ಟಿಗೆಯ ಮೇಲಿನ ಕೈ ಗುರುತಿನ ವಿಷಯದಲ್ಲಿ ನನಗೆ ಮೋಸ ಮಾಡಲಾಗುವುದಿಲ್ಲ. ಯಂತ್ರವನ್ನು ಈಗ ನಡೆಸುತ್ತಿರುವವರು ನೀವಲ್ಲ, ಯಾರೋ ಎಡಚರು. ಯಂತ್ರ ಬೇರೆಯವರಿಗೆ ಕೊಟ್ಟಿದ್ದರೆ ಮೊದಲೇ ಹೇಳಬಹುದಿತ್ತು. ನಾನು ತವನಪ್ಪನವರ ರಟ್ಟನ್ನು ಮುಂದಿಟ್ಟುಕೊಂಡು, ನಿಮ್ಮ ಕೈ ಎಂದುಕೊಂಡು ಎರಡು ಸಲ ಮಾಡಿದೆ.

ಮಿರಜದಲ್ಲಿ ಬೇರೆ ಲೇತಿನವರೂ ಇದ್ದಾರೆ.

ಮಹಾದೇವ


ಬೇಡಗ, 19 ಸೆಪ್ಟೆಂಬರ್ 2024

ಮಹಾದೇವಣ್ಣನವರಿಗೆ,

ದಶಲಕ್ಷಣ ಪರ್ವದ ಹತ್ತು ದಿನ ಪತ್ರ ಬರೆಯಲಿಲ್ಲ. ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮೆ ಕೇಳುವ ದಿನ ಬರುತ್ತದೆ. ವರ್ಷದಲ್ಲಿ ಯಾರ ಮನಸ್ಸು ನೋಯಿಸಿದ್ದೇವೋ ಅವರ ಮುಂದೆ ಕೈ ಜೋಡಿಸುತ್ತೇವೆ. ಎಲ್ಲರೂ ಎಲ್ಲರ ಮುಂದೆ ಜೋಡಿಸುವುದರಿಂದ ಯಾರಿಗೂ ಏನೂ ತಾಗುವುದಿಲ್ಲ. ನೆರೆಮನೆಯ ಅಲಕಾ ಕ್ಷಮೆ ಕೇಳಲು ಬಂದು, ಚಕ್ಕುಲಿ ತಿಂದು, ಅದೇ ಹಳೆಯ ಜಗಳ ಮುಂದುವರಿಸಿ ಹೋದಳು. ನಾನು ಈ ಸಲ ನಿಜವಾಗಿ ಕೇಳಬೇಕಾದದ್ದು ಒಬ್ಬರನ್ನು, ಅವರು ಮಿರಜದಲ್ಲಿದ್ದಾರೆ, ನಾನು ಸೀಮೆ ದಾಟುವ ಹಾಗಿಲ್ಲ. ಉತ್ತಮ ಕ್ಷಮಾ, ಅಣ್ಣ. ಎರಡು ಸುಳ್ಳು ಹೇಳಿದ್ದೇನೆ.

ಮೊದಲನೆಯದು ಹೊಳಪಿನದು. ಆಷಾಢದಲ್ಲಿ ಮಾತಾಜಿ ಪ್ರವಚನದಲ್ಲಿ ಅರಗು ಎಲ್ಲಿಂದ ಬರುತ್ತದೆಂದು ಹೇಳಿದರು. ಟೊಂಗೆಯ ಮೇಲೆ ಲಕ್ಷಗಟ್ಟಲೆ ಹುಳ ಕೂತು ಕಟ್ಟುವುದಂತೆ, ಅವುಗಳ ಸಮೇತ ಕೆರೆದು ಕಾಯಿಸುವುದಂತೆ. ಅಂದೇ ಕೈಯಲ್ಲಿದ್ದ ಅರಗಿನ ಬಳೆ ತೆಗೆದಿಟ್ಟೆ. ಇನ್ನು ಅರಗು ಮುಟ್ಟುವುದಿಲ್ಲ ಎಂದೆ. ಹಳೆಯ ಹಿಡಿಯ ಪಾಲಿಶ್ ನನ್ನ ಕೈಯಲ್ಲೇ ಸವೆದು ಹೋಗಿತ್ತು, ಅದು ನೆನಪಿಗೇ ಬರಲಿಲ್ಲ. ನೀವು ಏಳು ಕೈ ಎಂದು ಬರೆದಿರಿ. ನಿಮ್ಮ ಅಪ್ಪನ ಕಾಲದಿಂದ ಮನೆ ನಡೆಸಿದ ಕಸುಬಿಗೆ, ಇದು ನನಗೆ ಪಾಪ ಎಂದು ಹೇಗೆ ಬರೆಯಲಿ. ಅರಗು ಕೈಗೆ ತಾಗದಂತೆ ಬಟ್ಟೆ ಸುತ್ತಿ ತಿರುಗಿಸಿದೆ, ಬಣ್ಣ ಹೆಚ್ಚು ಎಂದು ಬರೆದೆ. ನೀವು ಹತ್ತು ಕೈ ಮಾಡಿ ಕಳಿಸಿದಿರಿ. ಅದನ್ನು ಬಿಚ್ಚಿ ನೋಡಿ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಎರಡನೆಯದು ಕೈಯದು. ಎಡಗೈ ಹೆಬ್ಬೆಟ್ಟು ನನ್ನದೇ. ಏಪ್ರಿಲಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿಯಿತು. ಪ್ಲಾಸ್ಟರು ತೆಗೆದಾಗ ಎಲುಬು ತುಸು ಸೊಟ್ಟ ಕೂಡಿತ್ತು. ಮನೆಯಲ್ಲಿ ವಾಸಿಯಾಯಿತೆಂದೇ ತಿಳಿದಿದ್ದಾರೆ. ಯಂತ್ರ ಬಿಗಿಯಾಗಿಲ್ಲ, ಬೆಣ್ಣೆಯ ಹಾಗೆ ಇದೆ. ಮಣಿಕಟ್ಟು ಹೊರಳುವುದಿಲ್ಲ, ಅಷ್ಟೇ. ಎಲ್ಲರೂ ಹೊಲಕ್ಕೆ, ಕೆಲಸಕ್ಕೆ ಹೋದ ಮೇಲೆ ಯಂತ್ರದ ಮುಖ ತಿರುಗಿಸಿಟ್ಟು ಎಡಗೈಯಲ್ಲಿ ಹೆಣೆಯುತ್ತಿದ್ದೆ. ಒಂದು ದಿನ ಸಿಟ್ಟಿನಿಂದ ಅಡ್ಡಾದಿಡ್ಡಿ ಒತ್ತಿದಾಗಲೇ ಹಿಡಿ ಸೀಳಿದ್ದು.

ನೀವು ಯಂತ್ರದ ಮನುಷ್ಯರು, ನಿಮಗೆ ಹೇಳಿದರೆ ತಿಳಿಯುತ್ತದೆ. ಸುತ್ತು ತಿರುಗಿಸಿದರೆ ಉದ್ದನೆಯ ಚೀಲವಾಗುತ್ತದೆ, ಅದು ಎಡಗೈಗೂ ಬಂತು. ಹಿಮ್ಮಡಿ ಮಾಡಬೇಕಾದರೆ ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ, ಪ್ರತಿ ಸಲ ಒಂದು ಸೂಜಿ ಎತ್ತಿ ಇಡಬೇಕು. ಅದು ಬರಲಿಲ್ಲ. ಹನ್ನೊಂದು ಜೊತೆ ಹಿಮ್ಮಡಿ ಇಲ್ಲದೆ ಹೆಣೆದೆ. ಕೇಳಿದವರಿಗೆ ಇದು ಈಗಿನ ಫ್ಯಾಶನ್ ಎಂದೆ. ಬೆಟ್ಟದ ಮೇಲೆ ಅದು ಮುದುಡಿ ಪಾದದ ಕೆಳಗೆ ಬರುತ್ತದೆಂದು ನನಗೆ ಗೊತ್ತು. ಇಪ್ಪತ್ನಾಲ್ಕು ಹೆಂಗಸರ ಕಾಲಿಗೆ ಅಂಥದ್ದನ್ನು ಕಟ್ಟಿ ಕಳಿಸುವುದಕ್ಕಿಂತ ಅಟ್ಟವೇ ಮೇಲು ಎನಿಸಿ ಆ ನಾಲ್ಕು ಸಾಲು ಬರೆದೆ.

ನೀವು ಕೇಳಿದ್ದ ಕೈಯ ಗೆರೆ ಇದರಲ್ಲಿದೆ. ಮಣಿಕಟ್ಟಿನ ಹತ್ತಿರ ಪೆನ್ಸಿಲು ಜಾರಿದ್ದಲ್ಲ, ಕೈ ಇರುವುದೇ ಹಾಗೆ.

ರತ್ನಾಬಾಯಿ


ಮಿರಜ, 1 ಅಕ್ಟೋಬರ್ 2024

ರತ್ನಾ ಅಕ್ಕಾವರಿಗೆ,

ನಿಮ್ಮ ಕೈಯ ಗೆರೆಯನ್ನು ಹಳೆಯ ರಟ್ಟಿನ ಮೇಲೆ ಇಟ್ಟು ಬಹಳ ಹೊತ್ತು ನೋಡಿದೆ. ಆ ರಟ್ಟನ್ನು ಇಷ್ಟು ವರ್ಷ ಅಳತೆಗಳ ಡಬ್ಬದಲ್ಲಿ ಇಟ್ಟಿದ್ದೆ. ಬೆರಳುಗಳು ಅವೇ. ಮಣಿಕಟ್ಟು ಹೊರಕ್ಕೆ ವಾಲಿದೆ.

ಅರಗಿನ ಮಾತನ್ನು ನೀವು ಮೊದಲೇ ಹೇಳಿದ್ದರೆ ಸಿಟ್ಟಾಗುತ್ತಿದ್ದೆ, ಸುಳ್ಳೇಕೆ ಹೇಳಲಿ. ಎರಡು ದಿನ ಗೊಣಗಿ ಆಮೇಲೆ ಮಾಡಿ ಕೊಡುತ್ತಿದ್ದೆ. ಪಾಲಿಶ್ ಇಲ್ಲದ ಕಟ್ಟಿಗೆಯನ್ನು ಅಂಗಡಿಯಿಂದ ಕಳಿಸುವುದೆಂದರೆ ನಮಗೆ ಮಗುವನ್ನು ಅಂಗಿ ಇಲ್ಲದೆ ಮದುವೆಗೆ ಕಳಿಸಿದ ಹಾಗೆ. ಆದರೂ ಕೊಡುತ್ತಿದ್ದೆ.

ಈಗ ನನ್ನ ಸರದಿ. ನಮ್ಮಲ್ಲಿ ಆ ದಿನವಿಲ್ಲ, ಆದರೂ ಕೇಳುತ್ತೇನೆ.

ಸೀಳಿದ ಹಿಡಿಯನ್ನು ನಾನು ಈವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. ನಿಮ್ಮ ಪತ್ರ ಓದಿ ಎತ್ತಿಕೊಂಡೆ. ಹಿಡಿಯ ನಡುವಿನ ಕಬ್ಬಿಣದ ಕಡ್ಡಿಗೆ ಕಟ್ಟಿಗೆ ಗಟ್ಟಿಯಾಗಿ ಕಚ್ಚಿಕೊಂಡಿದೆ. ಹೊಸ ಎರಡೂ ಹಾಗೆಯೇ ಇದ್ದವು. ನಾವು ಸಿತಾರಿನವರು, ತಂತಿ ಬಿಗಿಯುವ ಖುಂಟಿ ಮಾಡಿ ಬೆಳೆದವರು. ಖುಂಟಿ ಕಚ್ಚಿ ಹಿಡಿಯಬೇಕು, ತಾನಾಗಿ ತಿರುಗಿದರೆ ಮಿಸ್ತ್ರಿಯ ಮಾನ ಹೋದಂತೆ. ಅದೇ ಅಭ್ಯಾಸದಿಂದ ನಿಮ್ಮ ಹಿಡಿಯನ್ನೂ ಬಿಗಿಯಾಗಿ ಕೂರಿಸಿದೆ. ಹ್ಯಾಂಡಲ್ಲಿನ ಹಿಡಿ ಕಡ್ಡಿಯ ಮೇಲೆ ಸಡಿಲವಾಗಿ ತಿರುಗಬೇಕು. ಆಗ ಕೈ ಹಿಡಿದಂತೆಯೇ ಇರುತ್ತದೆ, ಮಣಿಕಟ್ಟು ಹೊರಳುವ ಕಾರಣವಿಲ್ಲ. ಮೂವತ್ತು ವರ್ಷ ಪ್ರತಿ ಸುತ್ತಿಗೂ ನಿಮ್ಮ ಮಣಿಕಟ್ಟು ನನ್ನ ತಪ್ಪನ್ನು ತಿರುಗಿಸಿತು. ತವನಪ್ಪನವರು ಅಷ್ಟು ಹೊತ್ತು ಎದುರಿಗೇ ಕೂತಿದ್ದರು, ಅವರೂ ಏನೂ ಅನ್ನಲಿಲ್ಲ. ಕ್ಷಮಿಸಿ.

ಇನ್ನೊಂದು ಇದೆ. ಲೇತಿಗೆ ನಾನೇ ಕೂತೆ ಎಂದು ಬರೆದಿದ್ದೆ. ಕೂತಿದ್ದು ಮುಕ್ತಾ. ಎರಡು ವರ್ಷದಿಂದ ನನ್ನ ಕೈ ನಡುಗುತ್ತದೆ. ಹೊಸ ಸಿತಾರಿನ ಕೆಲಸ ಬಿಟ್ಟಿದ್ದೇನೆ. ಹೆಸರು ನನ್ನದು, ಕೈ ಅವಳದು. ಗಿರಾಕಿಗಳಿಗೆ ಹೇಳಬೇಡ ಎಂದು ಅವಳಿಗೇ ಕಟ್ಟಪ್ಪಣೆ ಮಾಡಿದ್ದೇನೆ. ಅವಳು ಸುಮ್ಮನೆ ಸಹಿಸಿಕೊಂಡಿದ್ದಾಳೆ.

ಈ ಪೊಟ್ಟಣದಲ್ಲಿ ಎರಡು ಹಿಡಿಗಳಿವೆ, ಎರಡೂ ಕಡ್ಡಿಯ ಮೇಲೆ ಸಡಿಲವಾಗಿ ತಿರುಗುತ್ತವೆ. ಅರಗಿಲ್ಲ, ಮೇಣವಿಲ್ಲ, ಬರೀ ಕೊಬ್ಬರಿ ಎಣ್ಣೆ ತಿಕ್ಕಿದ್ದು. ನುಣುಪಾಗಿರುವುದು ಮುಕ್ತಾಳದು. ಇನ್ನೊಂದನ್ನು ನಿಮ್ಮ ಹೊಸ ಗೆರೆ ನೋಡಿಕೊಂಡು ನಾನು ತಿರುವಿದೆ, ಎಂಟು ದಿನ ಹಿಡಿಯಿತು. ಒಂದು ಕಡೆ ಉಳಿ ಹಾರಿ ತಗ್ಗಾಗಿದೆ. “ಅಪ್ಪಾ, ಇದನ್ನ ಕಳಸಬ್ಯಾಡ್ರಿ,” ಎಂದಳು ಮುಕ್ತಾ. ಕಳಿಸಿದ್ದೇನೆ. ತೋಳು ಒಂದು ಬೆರಳು ಗಿಡ್ಡ ಮಾಡಿದೆ. ಆರಿಸಿಕೊಳ್ಳುವುದು ನಿಮ್ಮ ಕೈ.

ಮಹಾದೇವ


ಬೇಡಗ, 10 ಅಕ್ಟೋಬರ್ 2024

ಮಹಾದೇವಣ್ಣ,

ಕೈ ನಡುಗುವುದು ನೀವು ಹೇಳುವ ಮೊದಲೇ ಗೊತ್ತಿತ್ತು. ನಿಮ್ಮ ಅಕ್ಷರ ಗೆರೆಯ ಮೇಲೆ ನಿಲ್ಲುವುದಿಲ್ಲ, ಆ ಎರಡನೆಯ ಹಿಡಿಯ ಮೇಲೆ ಕೊರೆದ ಗೆರೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಇಬ್ಬರೂ ಒಬ್ಬರ ಕೈಯನ್ನು ಇನ್ನೊಬ್ಬರು ನೋಡುತ್ತಾ ಸುಮ್ಮನಿದ್ದೆವು.

ಎರಡನ್ನೂ ಎರಡೆರಡು ದಿನ ಹಾಕಿ ನೋಡಿದೆ. ಮುಕ್ತಾಳದು ಚಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯ ಮಣಿಕಟ್ಟಿಗೆ ಚಂದ. ನಿಮ್ಮದರ ತಗ್ಗಿನಲ್ಲಿ ನನ್ನ ಹೆಬ್ಬೆಟ್ಟು ಹೋಗಿ ಕೂತಿತು. ಅಲ್ಲಿ ಹೆಬ್ಬೆಟ್ಟು ಕೂತರೆ ಮಣಿಕಟ್ಟು ತಾನಾಗಿ ವಾಲಿದ ಕಡೆಗೇ ಇರುತ್ತದೆ, ನೇರ ಮಾಡಲು ಹೋಗುವುದಿಲ್ಲ. ನಿಮ್ಮದನ್ನು ಇಟ್ಟುಕೊಂಡಿದ್ದೇನೆ. ಮುಕ್ತಾಳದನ್ನೂ ಹಿಂದಕ್ಕೆ ಕಳಿಸುವುದಿಲ್ಲ, ಅದು ಸೋನಲಳಿಗೆ.

ಅವಳಿಗೆ ಎಲ್ಲ ಹೇಳಿದೆ. ಹಿಡಿಯನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಆಮೇಲೆ, “ನನಗ ಗೊತ್ತಿತ್ತರಿ ಅತ್ತಿ. ನೀವು ರೊಟ್ಟಿ ಎಡಗೈಲೆ ತಿರುವಿ ಹಾಕತಿದ್ರಿ. ನೀವಾಗೇ ಹೇಳ್ತೀರಿ ಅಂತ ಸುಮ್ಮನಿದ್ದೆ,” ಎಂದಳು. ಯಂತ್ರ ಅಟ್ಟಕ್ಕೆ ಹಾಕುವ ಮಾತು ಎತ್ತಿದ್ದೂ ನನಗೆ ನೋವಾಗಬಾರದೆಂದೇ ಅಂತೆ. ಈ ಮನೆಯಲ್ಲಿ ನಾನೊಬ್ಬಳೇ ಜಾಣೆ ಎಂದುಕೊಂಡಿದ್ದೆ.

ಮೊನ್ನೆ ಮಧ್ಯಾಹ್ನ ಮೊದಲ ಹಿಮ್ಮಡಿ ತಿರುಗಿತು. ಬಲಗೈಯಲ್ಲಿ. ನೋವಿದೆ, ಇಲ್ಲವೆನ್ನುವುದಿಲ್ಲ. ಇನ್ನು ಸುಳ್ಳು ಸಾಕು. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸುತ್ತೇನೆ. ಹನ್ನೊಂದು ಜೊತೆಯನ್ನೂ ಬಿಚ್ಚಿ ನೂಲು ಸುತ್ತಿಟ್ಟೆ. ಮೊದಲಿನಿಂದ ಶುರು. ದೀಪಾವಳಿಗೆ ಇಪ್ಪತ್ತೊಂದು ದಿನ ಇದೆ.

ರತ್ನಾಬಾಯಿ


ಬೇಡಗ, 6 ನವೆಂಬರ್ 2024

ಮಹಾದೇವಣ್ಣ,

ನೇಮ ಮುಗಿಯಿತು. ಫೋನು ಮುಟ್ಟಬಹುದು, ಮುಟ್ಟಿದೆ ಕೂಡ. ಮೊದಲ ಫೋನು ಮುಕ್ತಾಳಿಗೆ. ನಿಮಗೆ ಹೇಳಬೇಡ ಎಂದು ಅವಳಿಂದ ಮಾತು ತೆಗೆದುಕೊಂಡಿದ್ದೆ. ಲೇತಿನ ವಿಷಯದಲ್ಲಿ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದ ಹುಡುಗಿ, ನಂಬಬಹುದು ಎಂದುಕೊಂಡೆ. ಅವಳ ಕೆಲಸಕ್ಕೆ ಇನ್ನು ಅವಳ ಹೆಸರೇ ಹಾಕಿ, ಇದು ನನ್ನ ಕೋರಿಕೆ.

ಇಪ್ಪತ್ನಾಲ್ಕು ಜೊತೆಯೂ ಆದವು. ಮಧ್ಯದ ಕೆಲವು ಸೋನಲ ತಿರುಗಿಸಿದ್ದು, ಅವು ಸ್ವಲ್ಪ ಸಡಿಲ, ಅವನ್ನು ದಪ್ಪ ಕಾಲಿನವರಿಗೆ ಕೊಟ್ಟಿದ್ದೇನೆ. ಹಿಮ್ಮಡಿ ಮಾತ್ರ ಎಲ್ಲವೂ ನನ್ನವು. ಇಪ್ಪತ್ತನೆಯ ತಾರೀಖಿಗೆ ಹೊರಡುತ್ತೇವೆ.

ಇದರಲ್ಲಿರುವುದು ಇಪ್ಪತ್ತೈದನೆಯ ಜೊತೆ. ನಿಮ್ಮ ಚಪ್ಪಲಿಯ ನಂಬರು ಮುಕ್ತಾ ಕೊಟ್ಟಳು. ಸಿಮೆಂಟಿನ ನೆಲದ ಮೇಲೆ ಬರಿಗಾಲಲ್ಲಿ ಕೂತಿರುತ್ತೀರಂತೆ. ನಿಮ್ಮ ಸಡಿಲ ಹಿಡಿಯಿಂದ ಎಡಗೈಗೂ ಈಗ ಹಿಮ್ಮಡಿ ಬರುತ್ತದೆ. ಹಾಗಾಗಿ ಒಂದನ್ನು ಪೂರ್ತಿ ಎಡಗೈಯಲ್ಲಿ ಹೆಣೆದೆ, ಇನ್ನೊಂದನ್ನು ಪೂರ್ತಿ ಬಲಗೈಯಲ್ಲಿ. ಗುರುತು ಹಾಕಿಲ್ಲ. ಕೈ ಗುರುತಿನ ವಿಷಯದಲ್ಲಿ ನಿಮಗೆ ಮೋಸ ಮಾಡಲಾಗುವುದಿಲ್ಲ ಎಂದು ಬರೆದಿದ್ದಿರಿ. ಯಾವುದು ಯಾವ ಕೈಯದೆಂದು ಹೇಳಿ. ಹೊರಡುವ ಮೊದಲು ನನಗೆ ತಿಳಿಯಬೇಕು.

ರತ್ನಾಬಾಯಿ


ಮಿರಜ, 14 ನವೆಂಬರ್ 2024

ರತ್ನಾ ಅಕ್ಕಾವರಿಗೆ,

ಫೋನು ಮಾಡಬಹುದಿತ್ತು, ಮಾಡಲಿಲ್ಲ. ಈ ಉತ್ತರ ನಿಮ್ಮ ಕೈಯಲ್ಲಿ ಇರಲಿ ಎಂದು ಬರೆಯುತ್ತಿದ್ದೇನೆ.

ಜೊತೆ ಮುಟ್ಟಿತು. ಮೊದಲ ದಿನ ಕಿಟಕಿಯ ಬೆಳಕಿಗೆ ಹಿಡಿದು ಎಳೆ ಎಣಿಸಿದೆ. ಮರುದಿನ ಒಳಮಗ್ಗಲು ತಿರುವಿ ಹಿಮ್ಮಡಿಯ ಹೆಣಿಗೆ ನೋಡಿದೆ. ಮುಕ್ತಾಳಿಗೂ ಕೊಟ್ಟೆ, ಅವಳು ಒಮ್ಮೆ ಇದು ಅಂದಳು, ಒಮ್ಮೆ ಅದು ಅಂದಳು. ಕೊನೆಗೆ ಎರಡನ್ನೂ ಹಾಕಿಕೊಂಡು ಮೂರು ದಿನ ಅಂಗಡಿಯಲ್ಲಿ ಓಡಾಡಿದೆ. ಎಡಗಾಲಿನದನ್ನು ಬಲಗಾಲಿಗೆ ಹಾಕಿ ನೋಡಿದೆ.

ಗೊತ್ತಾಗಲಿಲ್ಲ, ಅಕ್ಕಾವ್ರ. ಬೆಟ್ಟ ಹತ್ತಿ ಬನ್ನಿ.

ಮಹಾದೇವ